ಸಾಕಿದವನ ಹಕ್ಕು: ಚಾಪ್ಲಿನ್‌ನ ‘ದಿ ಕಿಡ್’ ಬಗ್ಗೆ

‘ದಿ ಕಿಡ್’ ಚಿತ್ರವನ್ನು ನಾನು ಮೊದಲು ನೋಡಿದ್ದು ಹಾಸ್ಟೆಲ್ಲಿನ ಅಂಗಳದಲ್ಲಿ. ಎಂಬತ್ತರ ದಶಕದ ಮೊದಲ ವರ್ಷಗಳು. ಫಿಲಂ ಸೊಸೈಟಿಯ ಇಬ್ಬರು ಗೆಳೆಯರು 16 ಎಂ.ಎಂ. ಪ್ರೊಜೆಕ್ಟರನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಬಂದಿದ್ದರು. ಅಡಿಗೆಯವನ ಬಿಳಿ ಪಂಚೆಯನ್ನೇ ಎರಡು ಕಂಬಗಳ ನಡುವೆ ಬಿಗಿದು ಪರದೆ ಮಾಡಿದೆವು. ಮುದ್ದೆ ಉಂಡು ಕೈ ತೊಳೆದ ಹುಡುಗರು ನೆಲದ ಮೇಲೆ ಕೂತರು. ಅವರಲ್ಲಿ ಇಂಗ್ಲಿಷ್ ಬರುವವರು ಯಾರೂ ಇರಲಿಲ್ಲ. ಮೂಕಿ ಚಿತ್ರವಾದ್ದರಿಂದ ಅದರ ಅಗತ್ಯವೂ ಬೀಳಲಿಲ್ಲ. ಪರದೆಯ ಮೇಲಿನ ತುಂಟ ಕಲ್ಲು ಬೀಸಿ ಕಿಟಕಿ ಒಡೆದಾಗ ನಕ್ಕರು. ಸಾಕಪ್ಪ, ಸಾಕುಮಗ ಇಬ್ಬರೂ ಕೂತು ದೋಸೆಯಂಥದನ್ನು ಎಣಿಸಿ ಎಣಿಸಿ ಪಾಲು ಮಾಡಿಕೊಂಡಾಗ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಆಮೇಲೆ ಅನಾಥಾಲಯದ ಗಾಡಿ ಬಂತು. ಅಂಗಳದಲ್ಲಿ ಸದ್ದೇ ಇಲ್ಲ. ಗಾಡಿಯೊಳಗೆ ಎತ್ತಿ ಹಾಕಿದ ಹುಡುಗ ಎರಡೂ ಕೈ ಚಾಚಿ ಅಳುತ್ತಿರುವಾಗ ನನ್ನ ಪಕ್ಕದಲ್ಲಿದ್ದ ಐದನೇ ಕ್ಲಾಸಿನ ಹುಡುಗ ತೋಳು ಜಗ್ಗಿ ಕೇಳಿದ: ‘ಅಣ್ಣಾ, ಆ ಗಾಡಿ ಅವುನ್ನ ನಮ್ ಹಾಸ್ಟ್ಲಿಗೇ ತತ್ತದಾ?’

ಇಲ್ಲ ಅಂದೆ. ಯಾಕೆ ಇಲ್ಲ ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನಗೂ ಗೊತ್ತಿರಲಿಲ್ಲ.

ಈಚೆಗೆ ಆ ಚಿತ್ರವನ್ನು ಮತ್ತೆ ನೋಡಿದೆ. ನೂರು ವರ್ಷ ದಾಟಿದ ಚಿತ್ರ ಅದು. ಚಾಪ್ಲಿನ್ ಬಗ್ಗೆ ಮಾತಾಡುವವರು ಬಹಳ ಮಟ್ಟಿಗೆ ‘ಮಾನವೀಯತೆ’ ಎಂಬ ಒಂದು ಪದಕ್ಕೆ ಬಂದು ನಿಂತುಬಿಡುತ್ತಾರೆ. ನಗಿಸಿದ, ಅಳಿಸಿದ, ಮಹಾ ಮಾನವತಾವಾದಿ, ಮುಗೀತು. ಆ ಹುಡುಗನ ಪ್ರಶ್ನೆಗೆ ಈ ಪದದಲ್ಲಿ ಉತ್ತರವಿಲ್ಲ. ಅವನು ಕೇಳಿದ್ದು ಬೇರೆ. ಬಡವನ ಮನೆಯಿಂದ ಮಗುವನ್ನು ಎತ್ತಿಕೊಂಡು ಹೋಗುವ ಆ ಗಾಡಿ ಯಾರದು, ಅದಕ್ಕೆ ಆ ಅಧಿಕಾರ ಕೊಟ್ಟವರು ಯಾರು, ಮತ್ತು ನಾನು ಅದರಲ್ಲೇ ಬಂದವನೋ ಅಂತ. ಚಿತ್ರ ನಿಂತಿರುವುದೂ ಇದೇ ಪ್ರಶ್ನೆಯ ಮೇಲೆ. ಮಗುವನ್ನು ಸಾಕುವ ಯೋಗ್ಯತೆ ಯಾರಿಗಿದೆ? ಅದನ್ನು ತೀರ್ಮಾನ ಮಾಡುವವರು ಯಾರು?

*

ಚಿತ್ರ ಬಿಡುಗಡೆಯಾದದ್ದು 1921ರಲ್ಲಿ, ಅಮೆರಿಕಾದಲ್ಲಿ. ಆರು ರೀಲಿನ ಮೂಕಿ ಚಿತ್ರ. ಬರೆದವನು, ನಿರ್ದೇಶಿಸಿದವನು, ಅಲೆಮಾರಿಯಾಗಿ ನಟಿಸಿದವನು ಎಲ್ಲಾ ಚಾರ್ಲಿ ಚಾಪ್ಲಿನ್. ಹುಡುಗನಾಗಿ ಜಾಕಿ ಕೂಗನ್, ತಾಯಿಯಾಗಿ ಎಡ್ನಾ ಪರ್ವಿಯನ್ಸ್. ಕಥೆ ಹೀಗೆ:

ಧರ್ಮಾಸ್ಪತ್ರೆಯಿಂದ ಒಬ್ಬ ಹೆಂಗಸು ಕೂಸನ್ನೆತ್ತಿಕೊಂಡು ಹೊರಗೆ ಬರುತ್ತಾಳೆ. ಮದುವೆಯಿಲ್ಲದೆ ತಾಯಿಯಾದವಳು. ಆಸ್ಪತ್ರೆಯ ದಾದಿ, ಕಾವಲಿನವನು ಇಬ್ಬರ ಮುಖದಲ್ಲೂ ಅಸಹ್ಯ. ಅವಳು ಮಾಡಿದ ಪಾಪವೇನೆಂದರೆ ತಾಯಿಯಾದದ್ದು ಅಂತ ತೆರೆಯ ಮೇಲೆ ಚಾಪ್ಲಿನ್ ಬರೆಸುತ್ತಾನೆ. ಕೂಸಿನ ತಂದೆ ಒಬ್ಬ ಚಿತ್ರಕಾರ. ಅವಳ ಫೋಟೋ ಅವನ ಕೈತಪ್ಪಿ ಒಲೆಗೆ ಬೀಳುತ್ತದೆ. ಎತ್ತಿಕೊಳ್ಳುತ್ತಾನೆ, ಸುಟ್ಟಿರುವುದನ್ನು ನೋಡಿ ಮತ್ತೆ ಒಲೆಗೇ ಎಸೆಯುತ್ತಾನೆ. ಗಂಡಿನ ಪಾಲಿನ ಕಥೆ ಅಲ್ಲಿಗೆ ಮುಗಿಯಿತು. ಅವನನ್ನು ಯಾವ ಕಾವಲಿನವನೂ ಅಸಹ್ಯದಿಂದ ನೋಡುವುದಿಲ್ಲ.

ತಾಯಿ ಕೂಸನ್ನು ಒಂದು ದೊಡ್ಡ ಬಂಗಲೆಯ ಮುಂದೆ ನಿಂತಿದ್ದ ಕಾರಿನಲ್ಲಿ ಮಲಗಿಸಿ ಹೋಗುತ್ತಾಳೆ. ಈ ಅನಾಥ ಮಗುವನ್ನು ಪ್ರೀತಿಯಿಂದ ನೋಡಿಕೊಳ್ಳಿ ಅಂತ ಒಂದು ಚೀಟಿ ಬರೆದಿಟ್ಟಿರುತ್ತಾಳೆ. ಅವಳ ಲೆಕ್ಕವನ್ನು ನಾವು ಗಮನಿಸಬೇಕು. ಬಡವಳ ಕೂಸು ಬದುಕಬೇಕಾದರೆ ಸಾಹುಕಾರನ ಮನೆ ಸೇರಬೇಕು ಎಂದು ಆ ತಾಯಿಯೇ ನಂಬಿದ್ದಾಳೆ. ಲೋಕ ಅವಳಿಗೆ ಹಾಗೆ ಕಲಿಸಿದೆ. ಆದರೆ ಕಾರನ್ನು ಕಳ್ಳರು ಕದಿಯುತ್ತಾರೆ, ಒಳಗೆ ಕೂಸಿರುವುದು ಗೊತ್ತಾದಾಗ ಕೊಳೆಗೇರಿಯ ಸಂದಿಯಲ್ಲಿ ಕಸದ ಡಬ್ಬದ ಪಕ್ಕ ಇಟ್ಟು ಓಡುತ್ತಾರೆ.

ಆ ಸಂದಿಗೆ ಚಾರ್ಲಿ ಬರುತ್ತಾನೆ. ಮೇಲಿನ ಕಿಟಕಿಗಳಿಂದ ಜನ ಕಸ ಸುರಿಯುತ್ತಿದ್ದಾರೆ, ಅದು ಅವನ ಮೈಮೇಲೆ ಬೀಳುತ್ತಿದೆ. ಹರಿದ ಕೈಚೀಲ ಕಳಚಿ, ಮೋಟು ಸಿಗರೇಟು ಆರಿಸಿಕೊಳ್ಳುವ ಅವನ ಠೀವಿ ನೋಡಬೇಕು. ಕೂಸಿನ ಅಳು ಕೇಳಿಸುತ್ತದೆ. ಅವನು ಮೊದಲು ಮಾಡುವ ಕೆಲಸ ತಲೆಯೆತ್ತಿ ಮೇಲೆ ನೋಡುವುದು. ಇದನ್ನೂ ಮೇಲಿನವರೇ ಎಸೆದರೋ ಏನೋ! ಜನ ಇಲ್ಲಿ ನಗುತ್ತಾರೆ. ನಗಲಿ. ಆದರೆ ಮೇಲಿನವರಿಗೆ ಬೇಡವಾದದ್ದೆಲ್ಲ ಕೆಳಗಿನವರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ತಲೆಮಾರುಗಳಿಂದ ಬಲ್ಲ ಜನಕ್ಕೆ ಆ ನೋಟ ನಗೆಯ ಜೊತೆಗೆ ಇನ್ನೂ ಏನನ್ನೋ ಹೇಳುತ್ತದೆ.

ಚಾರ್ಲಿ ಸಂತನಲ್ಲ. ಇದು ಚಿತ್ರದ ಬಹಳ ದೊಡ್ಡ ಪ್ರಾಮಾಣಿಕತೆ. ಕೂಸನ್ನು ಯಾರದೋ ತಳ್ಳುಗಾಡಿಯಲ್ಲಿ ಇಡಲು ನೋಡುತ್ತಾನೆ, ಆ ಹೆಂಗಸು ಬೈದು ಕಳಿಸುತ್ತಾಳೆ. ಇದ್ದಲ್ಲೇ ಇಡಲು ಹೋದರೆ ಬೆನ್ನ ಹಿಂದೆ ಪೊಲೀಸಿನವನು. ಒಬ್ಬ ಮುದುಕನ ಕೈಗೆ ಕೊಟ್ಟು ಓಡುತ್ತಾನೆ, ಕೂಸು ಸುತ್ತಿ ಬಳಸಿ ಮತ್ತೆ ಇವನ ಕೈಗೇ ಬರುತ್ತದೆ. ರಸ್ತೆ ಬದಿಯಲ್ಲಿ ಕೂತು ಚರಂಡಿಯ ಮುಚ್ಚಳ ಒಂದಿಷ್ಟು ಎತ್ತಿ ನೋಡುತ್ತಾನೆ. ಒಂದು ಗಳಿಗೆ ಅಷ್ಟೆ. ಮುಚ್ಚಿಬಿಡುತ್ತಾನೆ. ತನ್ನ ಹೊಟ್ಟೆಗೇ ಇಲ್ಲದವನ ಮನಸ್ಸಿನಲ್ಲಿ ಆ ಯೋಚನೆ ಬಂದು ಹೋಯಿತು ಎಂದು ತೋರಿಸುವ ಧೈರ್ಯ ಎಷ್ಟು ಜನರಿಗಿದೆ? ನಮ್ಮ ಸಿನಿಮಾಗಳ ಬಡವ ಹುಟ್ಟಿನಿಂದಲೇ ತ್ಯಾಗಮೂರ್ತಿ. ಚಾಪ್ಲಿನ್‌ನ ಬಡವ ಮೊದಲು ಲೆಕ್ಕ ಹಾಕುತ್ತಾನೆ, ಆಮೇಲೆ ಚೀಟಿ ಓದುತ್ತಾನೆ, ಆಮೇಲೆ ಕೂಸಿನ ಮುಖ ನೋಡುತ್ತಾನೆ. ಪೊಲೀಸಿನ ಭಯಕ್ಕೆ ಎತ್ತಿಕೊಂಡದ್ದನ್ನು ಪ್ರೀತಿಗೆ ಇಟ್ಟುಕೊಳ್ಳುತ್ತಾನೆ.

ಇಲ್ಲಿ ನನಗೆ ಚೋಮ ನೆನಪಾಗುತ್ತಾನೆ. ಕಾರಂತರ ‘ಚೋಮನ ದುಡಿ’ ಕಾದಂಬರಿ ಬಂದದ್ದು 1933ರಲ್ಲಿ, ಬಿ.ವಿ. ಕಾರಂತರ ಚಿತ್ರ 1975ರಲ್ಲಿ. ನೀರಿಗೆ ಬಿದ್ದ ಚೋಮನ ಮಗನನ್ನು ಎತ್ತಲು ದಡದಲ್ಲಿದ್ದವರ ಕೈ ಮುಂದೆ ಬರುವುದಿಲ್ಲ. ಮುಟ್ಟಿದರೆ ಮೈಲಿಗೆ. ಹುಡುಗ ಮುಳುಗುತ್ತಾನೆ. ಆ ದಡದಲ್ಲಿ ನಿಂತವರೆಲ್ಲ ಹೊಟ್ಟೆ ತುಂಬಿದವರು, ಮರ್ಯಾದಸ್ಥರು, ಮಕ್ಕಳನ್ನು ಸಾಕುವ ಯೋಗ್ಯತೆಯುಳ್ಳವರು. ಯಾರ ಮಗುವೋ ಗೊತ್ತಿಲ್ಲದೆ, ಯಾವ ಜಾತಿ ಕುಲ ಅಂತ ಕೇಳದೆ ಎತ್ತಿಕೊಂಡ ಆ ಅಲೆಮಾರಿ ಮಾತ್ರ ಅಯೋಗ್ಯ!

*

ಕನ್ನಡದಲ್ಲಿ ‘ಸಾಕು’ ಅನ್ನುವ ಮಾತಿಗೆ ಎರಡು ಅರ್ಥ. ಒಂದು ಪೊರೆಯುವುದು, ಇನ್ನೊಂದು ಇಷ್ಟಾದರೆ ತೀರಿತು, ಇನ್ನು ಬೇಡ ಅನ್ನುವುದು. ಯಾವುದೂ ಸಾಕಷ್ಟಿಲ್ಲದ ಮನೆಯಲ್ಲಿ ಸಾಕುವುದು ಹೇಗೆ? ಚಿತ್ರದ ನಡುಭಾಗವೆಲ್ಲ ಇದೇ.

ಚಾರ್ಲಿ ಬಟ್ಟೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದ್ದಾನೆ. ರಸ್ತೆ ಕೆಲಸದ ಹೆಂಗಸರು ಮರದ ಕೊಂಬೆಗೆ ಹಳೇ ಸೀರೆ ಕಟ್ಟುತ್ತಾರಲ್ಲ, ಅದೇ. ಕಾಫಿ ಕೆಟಲಿನ ಮೂತಿಗೆ ರಬ್ಬರ್ ತೊಟ್ಟು ಸಿಕ್ಕಿಸಿ ಹಗ್ಗದಲ್ಲಿ ಇಳಿಬಿಟ್ಟಿದ್ದಾನೆ, ಅದೇ ಹಾಲಿನ ಬಾಟಲಿ. ಕುರ್ಚಿಯ ನಡುವೆ ತೂತು ಕೊರೆದು ಕೆಳಗೊಂದು ಪಾತ್ರೆ ಇಟ್ಟಿದ್ದಾನೆ. ತಾನು ಕೂತು ಹರಿದ ಬಟ್ಟೆಯಿಂದ ಕೂಸಿನ ಚೌಕ ಕತ್ತರಿಸುತ್ತಿದ್ದಾನೆ. ಇದನ್ನೆಲ್ಲ ನೋಡಿ ನಗುತ್ತೇವೆ. ಆದರೆ ಇದರಲ್ಲಿ ಯಾವುದೂ ಬರೀ ತಮಾಷೆಯಲ್ಲ. ಪ್ರತಿಯೊಂದೂ ಕೆಲಸಕ್ಕೆ ಬರುವ ಉಪಕರಣ. ಇದು ದುಡಿಯುವ ಕೈಯ ಬುದ್ಧಿ. ನಮ್ಮ ಅವ್ವಂದಿರಿಗೆ ಇದು ಗೊತ್ತು. ತಾಯ್ತನ ಹೆಣ್ಣಿನ ಹುಟ್ಟುಗುಣ, ಗಂಡಸಿಗೆ ಅದು ಬರೋದಿಲ್ಲ ಅನ್ನುವ ಮಾತನ್ನೂ ಈ ದೃಶ್ಯ ಹಾಗೇ ಪಕ್ಕಕ್ಕೆ ತಳ್ಳುತ್ತದೆ. ಸಾಕುವುದು ಒಂದು ಕೆಲಸ, ಕಲಿತರೆ ಯಾರಿಗಾದರೂ ಬರುತ್ತದೆ ಅಂತ.

ಐದು ವರ್ಷ ಕಳೆಯುತ್ತದೆ. ಹುಡುಗನ ಹೆಸರು ಜಾನ್. ಚಾರ್ಲಿ ಈಗ ಕಿಟಕಿಗೆ ಗಾಜು ಕೂರಿಸುವವನು. ಹುಡುಗ ಮುಂದೆ ಹೋಗಿ ಕಲ್ಲು ಬೀಸಿ ಗಾಜು ಒಡೆಯುತ್ತಾನೆ, ಹಿಂದಿನಿಂದ ಚಾರ್ಲಿ ಗಾಜು ಹೊತ್ತು ಬರುತ್ತಾನೆ. ಮನೆಯಲ್ಲಿ ಗ್ಯಾಸಿನ ಮೀಟರಿಗೆ ನಾಣ್ಯ ಹಾಕಿ, ಅದೇ ನಾಣ್ಯವನ್ನು ಮತ್ತೆ ಹೊರಗೆ ತೆಗೆದುಕೊಳ್ಳುತ್ತಾರೆ. ಹುಡುಗ ಅಡಿಗೆ ಮಾಡುತ್ತಾನೆ. ಚಾರ್ಲಿ ತೂತುಬಿದ್ದ ಕಂಬಳಿಯ ತೂತಿನಲ್ಲಿ ತಲೆ ತೂರಿಸಿ ಅದನ್ನೇ ನಿಲುವಂಗಿ ಮಾಡಿಕೊಂಡು ಊಟಕ್ಕೆ ಏಳುತ್ತಾನೆ. ಇಬ್ಬರ ತಟ್ಟೆಗೂ ಸಮಪಾಲು. ಬೆಸ ಉಳಿದದ್ದನ್ನು ಕತ್ತರಿಸಿ ಅರ್ಧ ಅರ್ಧ. ಹಾಸ್ಟೆಲ್ ಹುಡುಗರು ಬಿದ್ದು ಬಿದ್ದು ನಕ್ಕದ್ದು ಇಲ್ಲಿ. ಯಾಕೆ ನಕ್ಕರು ಅಂತ ನನಗೆ ಗೊತ್ತು. ಮುದ್ದೆಯ ಗಾತ್ರವನ್ನು ಕಣ್ಣಳತೆಯಲ್ಲೇ ಅಳೆಯಬಲ್ಲವರು ಅವರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕಬಾರದು. ಐದು ವರ್ಷದ ಹುಡುಗನ ಕೈಯಲ್ಲಿ ಕಲ್ಲು ಕೊಟ್ಟು ದುಡಿಸಿಕೊಳ್ಳೋದು ಸರಿಯೆ? ಅವನು ಶಾಲೆಗೆ ಯಾಕೆ ಹೋಗೋದಿಲ್ಲ? ‘ಬಡತನದಲ್ಲೂ ಎಂಥಾ ಸೊಗಸು ನೋಡಿ’ ಅಂತ ಕಣ್ಣು ಒರೆಸಿಕೊಳ್ಳುವ ಮಧ್ಯಮವರ್ಗದ ಪ್ರೇಕ್ಷಕನ ಜೊತೆ ನಾವು ಕೂರಲಾರೆವು. ಬಡತನದಲ್ಲಿ ಸೊಗಸಿಲ್ಲ. ನಮ್ಮ ಮಕ್ಕಳು ಓದಬೇಕು ಅಂತಲೇ ಬಾಬಾಸಾಹೇಬರು ಬದುಕು ತೇಯ್ದದ್ದು. ಈ ಚಿತ್ರ ಬರುವ ಒಂದು ವರ್ಷ ಮುಂಚೆ, 1920ರ ಜನವರಿ 31ರಂದು, ಅವರು ‘ಮೂಕನಾಯಕ’ ಪತ್ರಿಕೆ ಶುರು ಮಾಡಿದ್ದರು. ಚಿತ್ರ ಬಂದ ವರ್ಷ ಲಂಡನ್ನಿನಲ್ಲಿ ಓದುತ್ತಿದ್ದರು. ಆದ್ದರಿಂದ ಜಾನ್‌ಗೆ ಸ್ಲೇಟು ಬಳಪ ಬೇಕಿತ್ತು ಅಂತ ನಾವೂ ಹೇಳುತ್ತೇವೆ. ಆದರೆ ಸ್ಲೇಟು ಬಳಪ ಕೊಡಲು ಆ ಸಂದಿಗೆ ಯಾರೂ ಬರಲಿಲ್ಲ. ಬಂದದ್ದು ಗಾಡಿ.

*

ಹುಡುಗನಿಗೆ ಜ್ವರ ಬರುತ್ತದೆ. ಡಾಕ್ಟರನ್ನು ಕರೆಸುತ್ತಾರೆ. ಇವನ ತಂದೆ ನೀನೇನಾ ಅಂತ ಡಾಕ್ಟರ್ ಕೇಳಿದಾಗ ಚಾರ್ಲಿ ತಡವರಿಸಿ, ಐದು ವರ್ಷ ಜೋಪಾನ ಮಾಡಿದ್ದ ಆ ಚೀಟಿಯನ್ನು ತೆಗೆದು ತೋರಿಸುತ್ತಾನೆ. ನಿಜ ಹೇಳಿದ್ದೇ ತಪ್ಪಾಯಿತು. ಈ ಹುಡುಗನಿಗೆ ಸರಿಯಾದ ಆರೈಕೆ ಬೇಕು, ಅದರ ಏರ್ಪಾಡು ನಾನು ಮಾಡ್ತೀನಿ ಅಂತ ಡಾಕ್ಟರ್ ಹೋಗುತ್ತಾನೆ. ಅವನು ಕೆಟ್ಟವನಲ್ಲ, ಕಾನೂನಿನ ಪ್ರಕಾರ ನಡೆದವನು. ‘ಸರಿಯಾದ ಆರೈಕೆ’ ಎಂಬ ಈ ಮಾತು ಎಷ್ಟು ಮನೆ ಮುರಿದಿದೆಯೋ! ಅಮೆರಿಕಾದಲ್ಲಿ 1854ರಿಂದ 1929ರವರೆಗೆ ಸುಮಾರು 2 ಲಕ್ಷ ಮಕ್ಕಳನ್ನು ನ್ಯೂಯಾರ್ಕಿನಂಥ ನಗರಗಳಿಂದ ರೈಲು ಹತ್ತಿಸಿ ದೂರದ ಪಶ್ಚಿಮದ ಹಳ್ಳಿಗಳಿಗೆ ಸಾಗಿಸಿ ರೈತರ ಮನೆಗಳಿಗೆ ಹಂಚಿದರು. ‘ಅನಾಥರ ರೈಲು’ ಅಂತಲೇ ಅದಕ್ಕೆ ಹೆಸರು. ಆ ಮಕ್ಕಳಲ್ಲಿ ಎಷ್ಟೋ ಜನಕ್ಕೆ ತಾಯಿಯೋ ತಂದೆಯೋ ಇಬ್ಬರೋ ಬದುಕಿದ್ದರು. ಅವರು ಬಡವರಾಗಿದ್ದರು, ಅಷ್ಟೆ. ಚಾಪ್ಲಿನ್ ಈ ಚಿತ್ರ ತೆಗೆಯುವಾಗ ಆ ರೈಲು ಇನ್ನೂ ಓಡುತ್ತಿತ್ತು.

ಡಾಕ್ಟರ್ ಹೋದ ಮೇಲೆ ಅನಾಥಾಲಯದ ಅಧಿಕಾರಿ ಬರುತ್ತಾನೆ, ಜೊತೆಗೆ ಒಬ್ಬ ಸಹಾಯಕ. ಅಟ್ಟದ ಮೇಲಿನ ಆ ಇಕ್ಕಟ್ಟು ಕೋಣೆಯಲ್ಲಿ ಮೂವರೂ ಮಾರು ದೂರದಲ್ಲಿ ನಿಂತಿದ್ದಾರೆ. ಅಧಿಕಾರಿ ಚಾರ್ಲಿಯ ಜೊತೆ ಮಾತಾಡುವುದಿಲ್ಲ. ‘ಅವನನ್ನ ಕೇಳು’ ಅಂತ ಸಹಾಯಕನಿಗೆ ಹೇಳುತ್ತಾನೆ, ಸಹಾಯಕ ಚಾರ್ಲಿಯನ್ನು ಕೇಳುತ್ತಾನೆ. ಪರದೇಶದ ವಿಮರ್ಶಕರು ಇದನ್ನು ಅಧಿಕಾರಶಾಹಿಯ ಲೇವಡಿ ಎನ್ನಬಹುದು. ನಮಗೆ ವಿವರಣೆ ಬೇಕಿಲ್ಲ. ಜಗಲಿಯ ಮೇಲೆ ಕೂತ ಯಜಮಾನ, ಕೆಳಗೆ ಕಣ್ಣೆದುರಿಗೇ ನಿಂತ ಕೇರಿಯವನಿಗೆ ಆಳಿನ ಬಾಯಲ್ಲಿ ಹೇಳಿಸುತ್ತಿದ್ದುದನ್ನು ನೋಡಿ ಬೆಳೆದವರು ನಾವು. ಮಾತಿಗೂ ಮೈಲಿಗೆ ಉಂಟು.

ಆಮೇಲೆ ಹೊಡೆದಾಟ. ಹಿಟ್ಟು ಹಾರುತ್ತದೆ, ಹುಡುಗ ಸುತ್ತಿಗೆ ಎತ್ತಿಕೊಳ್ಳುತ್ತಾನೆ, ಪೊಲೀಸಿನವನೂ ಬಂದು ಸೇರುತ್ತಾನೆ. ಚಾರ್ಲಿಯನ್ನು ಅದುಮಿ ಹಿಡಿದು ಹುಡುಗನನ್ನು ಗಾಡಿಗೆ ಎಸೆಯುತ್ತಾರೆ. ಅಲ್ಲಿಂದ ಮುಂದಿನ ಎರಡು ಮೂರು ನಿಮಿಷ ಜಗತ್ತಿನ ಸಿನಿಮಾದಲ್ಲಿ ಮರೆಯಲಾಗದ್ದು. ಚಾರ್ಲಿ ಬಿಡಿಸಿಕೊಂಡು ಹಂಚಿನ ಮೇಲೆ ಹತ್ತಿ, ಮಾಡಿನಿಂದ ಮಾಡಿಗೆ ಹಾರಿ, ಕೆಳಗೆ ಓಡುತ್ತಿರುವ ಗಾಡಿಗೆ ಧುಮುಕಿ, ಅಧಿಕಾರಿಯನ್ನು ಕೆಳಕ್ಕೆ ದಬ್ಬಿ, ಹುಡುಗನನ್ನು ಎದೆಗೆ ಅಪ್ಪಿ ಮುತ್ತಿಕ್ಕುತ್ತಾನೆ. ಇಲ್ಲಿ ನಗೆಯಿಲ್ಲ. ಬಡವ ತನ್ನ ಮಗುವಿಗಾಗಿ ಅರ್ಜಿ ಹಾಕುವುದಿಲ್ಲ, ಕೈಮುಗಿಯುವುದಿಲ್ಲ. ಹೋಗಿ ಕಿತ್ತುಕೊಂಡು ಬರುತ್ತಾನೆ. ಬಂಡಾಯ ಅನ್ನುವ ಪದವನ್ನು ನಾವು ಸಭೆಗಳಲ್ಲಿ ಎಷ್ಟೋ ಸಲ ಆಡಿದ್ದೇವೆ. ಅದು ಮೈಯಲ್ಲಿ ಹೇಗಿರುತ್ತದೆ ಅಂತ ನಾನು ನೋಡಿದ್ದು ಆ ಪಂಚೆಯ ಮೇಲೆ.

*

ಇದು ಬರೀ ಕಲ್ಪನೆಯಿಂದ ಬಂದದ್ದಲ್ಲ. ಚಾಪ್ಲಿನ್ ಹುಟ್ಟಿದ್ದು 1889ರಲ್ಲಿ, ಬೆಳೆದದ್ದು ದಕ್ಷಿಣ ಲಂಡನ್ನಿನ ಬಡ ಓಣಿಗಳಲ್ಲಿ. ತಾಯಿ ಹ್ಯಾನಾ ಹಾಡುಗಾರ್ತಿ. ಗಂಟಲು ಕೆಟ್ಟಮೇಲೆ ಹೊಲಿಗೆ ಹಾಕಿ ಬದುಕಿದವಳು. 1896ರಲ್ಲಿ, ಹುಡುಗನಿಗೆ ಏಳು ವರ್ಷವಾದಾಗ, ತಾಯಿ ಮತ್ತು ಇಬ್ಬರು ಮಕ್ಕಳು ಲ್ಯಾಂಬೆತ್‌ನ ವರ್ಕ್‌ಹೌಸ್ ಸೇರಬೇಕಾಯಿತು. ಬಡವರಿಗೆ ಗಂಜಿ ಹಾಕಿ ದುಡಿಸಿಕೊಳ್ಳುವ ಸರ್ಕಾರಿ ದೊಡ್ಡಿ ಅದು. 1834ರ ಬಡವರ ಕಾಯಿದೆಯ ಕೂಸು. ಅದರ ಬಾಗಿಲಿನಲ್ಲೇ ಗಂಡ ಹೆಂಡತಿಯನ್ನು, ತಾಯಿ ಮಕ್ಕಳನ್ನು ಬೇರೆ ಬೇರೆ ಮಾಡುತ್ತಿದ್ದರು. ಕೆಲವು ವಾರಗಳ ಮೇಲೆ ಮಕ್ಕಳನ್ನು ಹ್ಯಾನ್‌ವೆಲ್ ಎಂಬಲ್ಲಿನ ಅನಾಥರ ಮತ್ತು ದಿಕ್ಕಿಲ್ಲದವರ ಶಾಲೆಗೆ ಸಾಗಿಸಿದರು. ಅಲ್ಲಿ ಹುಳುಕಡ್ಡಿ ಬಂದದ್ದಕ್ಕೆ ಹುಡುಗನ ತಲೆ ಬೋಳಿಸಿ ಅಯೋಡಿನ್ ಬಳಿದರು. ಮುಂದೆ ತಾಯಿಗೆ ಬುದ್ಧಿಭ್ರಮಣೆಯಾಗಿ ಹುಚ್ಚಾಸ್ಪತ್ರೆ ಸೇರಿದಳು.

ಚಾಪ್ಲಿನ್ 1964ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಒಂದು ದಿನದ ಸಂಗತಿ ಇದೆ. ತಾಯಿ ವರ್ಕ್‌ಹೌಸಿನಿಂದ ಬಿಡುಗಡೆ ಕೇಳಿ ಅರ್ಜಿ ಹಾಕುತ್ತಾಳೆ. ತಾಯಿ ಹೊರಟರೆ ಮಕ್ಕಳನ್ನೂ ಬಿಡಬೇಕು, ಅದು ನಿಯಮ. ಮೂವರೂ ಹೊರಗೆ ಬರುತ್ತಾರೆ. ಹೋಗಲು ಮನೆಯಿಲ್ಲ. ದೊಡ್ಡ ಮಗನ ಜೇಬಿನಲ್ಲಿ ಒಂಬತ್ತು ಪೆನ್ನಿ. ಚೆರ್ರಿ ಹಣ್ಣು ಕೊಂಡು ಪಾರ್ಕಿನಲ್ಲಿ ಕೂತು ತಿನ್ನುತ್ತಾರೆ, ಕಾಗದದ ಚೆಂಡು ಮಾಡಿ ಆಡುತ್ತಾರೆ. ಸಂಜೆ ಮತ್ತೆ ವರ್ಕ್‌ಹೌಸಿನ ಬಾಗಿಲಿಗೆ. ಒಂದೇ ಒಂದು ದಿನ ತನ್ನ ಮಕ್ಕಳಿಗೆ ತಾಯಿಯಾಗಿರಲು ಆ ಹೆಂಗಸು ಇಡೀ ಕಾಯಿದೆಗೆ ಚಳ್ಳೆಹಣ್ಣು ತಿನ್ನಿಸಿದಳು. ಗ್ಯಾಸ್ ಮೀಟರಿಗೆ ಹಾಕಿದ ನಾಣ್ಯವನ್ನು ವಾಪಸು ತೆಗೆಯುವ ಜಾಣತನ ಚಾರ್ಲಿಗೆ ಎಲ್ಲಿಂದ ಬಂತು ಅಂತ ಇನ್ನು ಬೇರೆ ಹೇಳಬೇಕೆ?

ಇನ್ನೊಂದು ಸಂಗತಿ. 1919ರ ಜುಲೈನಲ್ಲಿ ಚಾಪ್ಲಿನ್‌ನ ಮೊದಲ ಗಂಡುಮಗು ಹುಟ್ಟಿ ಮೂರೇ ದಿನಕ್ಕೆ ತೀರಿಹೋಯಿತು. ಕೆಲವೇ ವಾರಗಳಲ್ಲಿ ಈ ಚಿತ್ರದ ಕೆಲಸ ಶುರುವಾಯಿತು. ಸ್ವಂತ ಸಂಕಟವನ್ನು ಅವನು ತೆರೆಯ ಮೇಲೆ ಹಾಗೇ ಸುರಿಯಲಿಲ್ಲ. ಕೊಳೆಗೇರಿಗೆ ಕಳಿಸಿದ, ದುಡಿಯಲು ಹಚ್ಚಿದ, ನಗಿಸಲು ಕಲಿಸಿದ. ನಮ್ಮ ನೋವಿನ ಬಗ್ಗೆ ಬರೆಯುವ ನಾವು ಇದನ್ನು ಅವನಿಂದ ಕಲಿಯಬೇಕು.

*

ಇಷ್ಟು ಹೊಗಳಿದ ಮೇಲೆ ಜಗಳಕ್ಕೆ ಬರುತ್ತೇನೆ. ಜಗಳ ಇರುವುದು ಚಿತ್ರದ ಕೊನೆಯ ಜೊತೆ.

ಹುಡುಗನ ತಾಯಿ ಈ ಐದು ವರ್ಷದಲ್ಲಿ ದೊಡ್ಡ ನಟಿಯಾಗಿದ್ದಾಳೆ. ಕೊಳೆಗೇರಿಗೆ ಬಂದು ಮಕ್ಕಳಿಗೆ ಆಟಿಕೆ ಹಂಚುತ್ತಾಳೆ. ತನ್ನ ಮಗನಿಗೇ ಆಟಿಕೆ ಕೊಡುತ್ತಾಳೆ, ಅವನು ತನ್ನ ಮಗ ಎಂದು ಗೊತ್ತಿಲ್ಲ. ದಾನ ಕೊಡುವವರಿಗೆ ತೆಗೆದುಕೊಳ್ಳುವವರ ಜೊತೆಗಿನ ಸಂಬಂಧ ಯಾವತ್ತೂ ಗೊತ್ತಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ರೂಪಕ ಸಿಗಲಾರದು. ಬೀದಿ ಜಗಳವಾದಾಗ, ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನು ತೋರು ಅನ್ನುವ ಉಪದೇಶವನ್ನೂ ಮಾಡುತ್ತಾಳೆ. ಧಡೂತಿ ಎದುರಾಳಿ ಅದನ್ನು ನಂಬುತ್ತಾನೆ, ಚಾರ್ಲಿ ಇಟ್ಟಿಗೆ ಎತ್ತಿಕೊಳ್ಳುತ್ತಾನೆ! ಇಲ್ಲಿಯವರೆಗೆ ಚಾಪ್ಲಿನ್ ನಮ್ಮವನು.

ಆಮೇಲೆ ಚೀಟಿ ಡಾಕ್ಟರನ ಕೈಯಿಂದ ತಾಯಿಯ ಕಣ್ಣಿಗೆ ಬೀಳುತ್ತದೆ. ಹುಡುಗನನ್ನು ಹುಡುಕಿಕೊಟ್ಟವರಿಗೆ ಸಾವಿರ ಡಾಲರ್ ಇನಾಮು. ಚಾರ್ಲಿ ಮತ್ತು ಹುಡುಗ ರಾತ್ರಿ ಕಳೆಯಲು ಒಂದು ಬಡ ವಸತಿಗೆ ಬಂದು ಮಲಗಿದ್ದಾರೆ. ಅದರ ಯಜಮಾನ ಪತ್ರಿಕೆ ಓದಿ, ನಿದ್ದೆಯಲ್ಲಿದ್ದ ಹುಡುಗನನ್ನು ಎತ್ತಿಕೊಂಡು ಹೋಗಿ ಪೊಲೀಸರಿಗೆ ಒಪ್ಪಿಸುತ್ತಾನೆ. ಚಾರ್ಲಿ ಊರೆಲ್ಲ ಹುಡುಕಿ ಮನೆಯ ಮೆಟ್ಟಿಲ ಮೇಲೆ ಕೂತು ನಿದ್ದೆಹೋಗುತ್ತಾನೆ. ಕನಸು ಬೀಳುತ್ತದೆ. ಕೊಳೆಗೇರಿಯೇ ಸ್ವರ್ಗವಾಗಿದೆ. ಗೋಡೆಗೆ ಹೂವು, ಎಲ್ಲರಿಗೂ ರೆಕ್ಕೆ, ನಾಯಿಗೂ ರೆಕ್ಕೆ. ಆದರೆ ಅಲ್ಲಿಯೂ ಪೊಲೀಸಿನವನಿದ್ದಾನೆ, ಅವನಿಗೂ ರೆಕ್ಕೆ. ಕೊನೆಗೆ ಅವನೇ ಚಾರ್ಲಿಗೆ ಗುಂಡು ಹೊಡೆಯುತ್ತಾನೆ. ಈ ಕನಸು ಕಥೆಗೆ ಹೊರತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಡವನ ಕನಸಿಗೂ ಠಾಣೆ ನುಗ್ಗುತ್ತದೆ ಅಂತ ಚಾಪ್ಲಿನ್‌ಗೆ ಗೊತ್ತಿತ್ತು.

ಅವನನ್ನು ಎಬ್ಬಿಸುವವನೂ ಪೊಲೀಸಿನವನೇ. ಕಾರಿನಲ್ಲಿ ಕೂರಿಸಿ ಒಂದು ಬಂಗಲೆಗೆ ಕರೆದೊಯ್ಯುತ್ತಾನೆ. ಬಾಗಿಲು ತೆರೆಯುತ್ತದೆ. ಹುಡುಗ ಬಂದು ಕೊರಳಿಗೆ ಜೋತುಬೀಳುತ್ತಾನೆ, ತಾಯಿ ಒಳಗೆ ಕರೆಯುತ್ತಾಳೆ, ಬಾಗಿಲು ಮುಚ್ಚುತ್ತದೆ. ಮುಗಿಯಿತು. ಚಪ್ಪಾಳೆ.

ನಾನು ಕೇಳುವುದು ಇಷ್ಟೆ: ಆ ಮುಚ್ಚಿದ ಬಾಗಿಲ ಹಿಂದೆ ಚಾರ್ಲಿ ಯಾರು? ತಂದೆಯೆ, ಅತಿಥಿಯೆ, ಇನಾಮಿಗೆ ಬಂದವನೆ? ಎಷ್ಟು ಹೊತ್ತು ಇರಬಹುದು? ಹುಡುಗನ ಮೇಲೆ ಅವನಿಗೊಂದು ಹಕ್ಕಿದೆ ಎಂದು ಯಾರೂ ಹೇಳಲಿಲ್ಲ. ಬಂಗಲೆಯ ಮುಂದೆ ಬಿಟ್ಟ ಕೂಸು ಕೊನೆಗೂ ಬಂಗಲೆಯನ್ನೇ ಸೇರಿತು. ಮೊದಲ ದಿನ ತಾಯಿ ಹಾಕಿದ ಲೆಕ್ಕವೇ ಸರಿ ಅಂದಹಾಗಾಯಿತು. ನಡುವಿನ ಐದು ವರ್ಷದ ಜೋಲಿ, ಕೆಟಲು, ಸಮಪಾಲು ಎಲ್ಲಾ ಒಂದು ಉಪಕಾರದ ಬಾಬ್ತಿಗೆ ಜಮಾ ಆಯಿತು.

ಆ ಬಾಗಿಲಾದರೂ ಎಲ್ಲ ಬಡವರಿಗೆ ತೆರೆಯುವುದಿಲ್ಲ. ಚಾರ್ಲಿ ಬಿಳಿಯ. ಅವನ ಮೇಲಿರುವುದು ಬಡತನದ ಮಸಿ, ತೊಳೆದರೆ ಹೋಗುತ್ತದೆ. ಇದೇ 1921ರ ಮೇ ಕೊನೆಯ ದಿನ ಮತ್ತು ಜೂನ್ ಮೊದಲ ದಿನ ಓಕ್ಲಹಾಮ ರಾಜ್ಯದ ಟಲ್ಸಾ ನಗರದಲ್ಲಿ ಬಿಳಿಯರ ಗುಂಪು ಕಪ್ಪು ಜನರ ಗ್ರೀನ್‌ವುಡ್ ಬಡಾವಣೆಯನ್ನು ಸುಟ್ಟು ಬೂದಿ ಮಾಡಿತು. ಅಲ್ಲಿದ್ದವರಲ್ಲಿ ಅನುಕೂಲಸ್ಥರು, ಅಂಗಡಿ ಕಟ್ಟಿದವರು, ಓದಿದವರು ಬಹಳ ಜನ. ಹಣ ಅವರನ್ನು ಉಳಿಸಲಿಲ್ಲ. ಜಾತಿ ಅನ್ನುವುದೂ ಹಾಗೆ. ವರ್ಗದ ಕಥೆಗೆ ಬಾಗಿಲು ತೆರೆಯುವ ಕೊನೆ ಬರೆಯಬಹುದು, ಜಾತಿಯ ಕಥೆಗೆ ಅದು ಅಷ್ಟು ಸಲೀಸಲ್ಲ. ಚೋಮನಿಗೆ ಯಾವ ಬಾಗಿಲೂ ತೆರೆಯಲಿಲ್ಲ.

*

ಚಿತ್ರ ಕೊಡದ ಉತ್ತರವನ್ನು ಚಿತ್ರದ ಹುಡುಗನ ಬದುಕು ಕೊಟ್ಟಿತು. ಜಾಕಿ ಕೂಗನ್ ಹುಟ್ಟಿದ್ದು 1914ರಲ್ಲಿ. ಈ ಚಿತ್ರದಿಂದ ಅವನು ಲೋಕಪ್ರಸಿದ್ಧನಾದ. ಆ ಗಾಡಿಯ ದೃಶ್ಯದಲ್ಲಿ ಅವನನ್ನು ಅಳಿಸಿದ್ದು ಹೇ‌ಗೆ ಎಂದು ಚಾಪ್ಲಿನ್ ಹೇಳಿಕೊಂಡಿದ್ದಾನೆ. ಅಳದಿದ್ದರೆ ನಿಜವಾಗಿ ವರ್ಕ್‌ಹೌಸಿಗೆ ಕಳಿಸುತ್ತೇನೆ ಎಂದು ಹುಡುಗನ ಅಪ್ಪನೇ ಹೆದರಿಸಿದನಂತೆ! ಬಡವರ ಮಕ್ಕಳಿಗಾಗಿ ಅತ್ತ ಆ ಅಳುವಿನಲ್ಲಿ ಒಂದಿಷ್ಟು ನಿಜವಾದ ಹೆದರಿಕೆಯೂ ಬೆರೆತಿದ್ದಿರಬೇಕು.

ಮುಂದೆ ಹುಡುಗ ಚಿತ್ರಗಳ ಮೇಲೆ ಚಿತ್ರ ಮಾಡಿದ. ದುಡಿದದ್ದು 30, 40 ಲಕ್ಷ ಡಾಲರ್ ಎಂದು ಅಂದಾಜು. 1935ರಲ್ಲಿ ತಂದೆ ಕಾರು ಅಪಘಾತದಲ್ಲಿ ತೀರಿಕೊಂಡ. ಪ್ರಾಯಕ್ಕೆ ಬಂದ ಮಗ ತನ್ನ ದುಡ್ಡು ಕೇಳಿದರೆ ತಾಯಿ ಮತ್ತು ಮಲತಂದೆ ಕೊಡಲಿಲ್ಲ. ಅಪ್ರಾಪ್ತ ಮಗುವಿನ ಸಂಪಾದನೆ ಹೆತ್ತವರದು ಅಂತ ಆಗಿನ ಕಾನೂನು. 1938ರಲ್ಲಿ ಕೋರ್ಟಿಗೆ ಹೋದ. ಕೊನೆಗೆ ಕೈಗೆ ಬಂದದ್ದು ಸುಮಾರು 1,26,000 ಡಾಲರ್. ಈ ಹಗರಣದ ಮೇಲೆ ಕ್ಯಾಲಿಫೋರ್ನಿಯಾ ರಾಜ್ಯ 1939ರಲ್ಲಿ ಬಾಲನಟರ ಸಂಪಾದನೆಯ ಒಂದು ಪಾಲನ್ನು ಕಾಪಾಡುವ ಕಾಯಿದೆ ತಂದಿತು. ಕೂಗನ್ ಕಾಯಿದೆ ಎಂದೇ ಅದಕ್ಕೆ ಹೆಸರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ತೆರೆಯ ಮೇಲೆ, ಇರುವ ದೋಸೆಯನ್ನು ಅರ್ಧ ಮಾಡಿ ಹಂಚಿಕೊಂಡ ಅಲೆಮಾರಿ ಅಯೋಗ್ಯ ಪೋಷಕ, ಅವನ ಮನೆಗೆ ಗಾಡಿ ಬಂತು. ತೆರೆಯ ಹೊರಗೆ, ಮಗನ ದುಡಿಮೆಯನ್ನೆಲ್ಲ ತಾವೇ ಇಟ್ಟುಕೊಂಡವರು ಬಂಗಲೆಯಲ್ಲಿದ್ದ ಯೋಗ್ಯ ಪೋಷಕರು, ಅವರ ಮನೆಗೆ ಯಾವ ಗಾಡಿಯೂ ಹೋಗಲಿಲ್ಲ. ಯೋಗ್ಯತೆ ಅನ್ನುವುದು ಪ್ರೀತಿಯ ಅಳತೆಯಾಗಿರಲಿಲ್ಲ, ಆಸ್ತಿಯ ಅಳತೆಯಾಗಿತ್ತು.

*

ಹಾಸ್ಟೆಲ್ಲಿನ ಆ ಹುಡುಗನಿಗೆ ಈಗ ಉತ್ತರ ಹೇಳಬಹುದು ಅನ್ನಿಸುತ್ತದೆ.

ಇಲ್ಲ ತಮ್ಮಾ, ಆ ಗಾಡಿ ನಿನ್ನನ್ನ ತರಲಿಲ್ಲ. ನಿನ್ನನ್ನ ಇಲ್ಲಿಗೆ ತಂದದ್ದು ನಿಮ್ಮಪ್ಪ. ಕಬ್ಬಿಣದ ಟ್ರಂಕು ತಲೆ ಮೇಲೆ ಹೊತ್ತು, ಬಸ್‌ಸ್ಟ್ಯಾಂಡಿನಿಂದ ನಡೆದು ಬಂದು, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ ಹೋದ. ನನ್ನನ್ನೂ ನಮ್ಮಪ್ಪ ಹಾಗೇ ತಂದು ಬಿಟ್ಟದ್ದು. ಹೆಬ್ಬೆಟ್ಟಾದರೂ ಆ ಸಹಿ ಅವನದು. ಅವನನ್ನು ಕೇಳದೆ ಯಾರೂ ನಮ್ಮನ್ನು ಎತ್ತಿಕೊಂಡು ಬರಲಿಲ್ಲ. ಬಾಬಾಸಾಹೇಬರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿ, ಮರುವರ್ಷ ಸೋಲಾಪುರದಲ್ಲಿ ಹಾಸ್ಟೆಲ್ ತೆರೆದಾಗ ಅವರ ಮನಸ್ಸಿನಲ್ಲಿದ್ದದ್ದು ಇದೇ. ಬಡವರ ಮಕ್ಕಳನ್ನು ಬಡವರಿಂದ ಬಿಡಿಸುವುದಕ್ಕಲ್ಲ, ಓದಿಸಿ ಅವರ ನಡುವೆಯೇ ಎದ್ದು ನಿಲ್ಲಿಸುವುದಕ್ಕೆ. ಗಾಡಿಗೂ ಹಾಸ್ಟೆಲ್ಲಿಗೂ ಇರುವ ವ್ಯತ್ಯಾಸ ಅದು.

ಆದರೆ ತಮ್ಮಾ, ಆ ವ್ಯತ್ಯಾಸ ತಾನಾಗಿ ಉಳಿಯುವುದಿಲ್ಲ. ಅನ್ನದಲ್ಲಿ ಹುಳ ಬಂದಾಗ, ನಿಮ್ಮಪ್ಪ ಕೇಳಲು ಬಂದರೆ ‘ಅವನನ್ನ ಏನು ಅಂತ ಕೇಳು’ ಎಂದು ಆಫೀಸಿನವರು ಜವಾನನ ಬಾಯಲ್ಲಿ ಕೇಳಿಸಿದಾಗ, ಹಾಸ್ಟೆಲ್ಲೂ ಗಾಡಿಯೇ ಆಗುತ್ತದೆ. ಆವತ್ತು ನೀನು ಚಾರ್ಲಿ ಹತ್ತಿದ ಮಾಡನ್ನು ಹತ್ತಬೇಕಾಗುತ್ತದೆ.

ಹಿಂದಿಯಲ್ಲಿ ಮೆಹಮೂದ್ 1974ರಲ್ಲಿ ಇದೇ ಎಳೆ ಹಿಡಿದು ‘ಕುನ್ವಾರಾ ಬಾಪ್’ ಮಾಡಿದ. ರಿಕ್ಷಾ ತುಳಿಯುವವನೊಬ್ಬ, ಪೋಲಿಯೊ ತಗುಲಿದ ಮಗುವನ್ನು ಸಾಕುವ ಕಥೆ. ಕನ್ನಡದಲ್ಲಿ ಕೇರಿಯೊಳಗಿನಿಂದ ಈ ಕಥೆ ಬರಬೇಕಿದೆ. ಪೌರಕಾರ್ಮಿಕ ಹೆಂಗಸೊಬ್ಬಳು ಬೆಳಗಿನ ಜಾವ ಕಸದ ತೊಟ್ಟಿಯ ಪಕ್ಕ ಕೂಸು ಕಂಡು ಎತ್ತಿಕೊಂಡರೆ ಆ ಮಗುವಿನ ಜಾತಿ ಕಾಲಂನಲ್ಲಿ ಏನು ಬರೆಯುತ್ತಾರೆ? ಮುಂದೊಂದು ದಿನ ಬಂಗಲೆಯವರು ಬಂದು ಕೇಳಿದರೆ ಅವಳನ್ನೂ ಕಾರಿನಲ್ಲಿ ಕೂರಿಸುತ್ತಾರೆಯೆ? ಆ ಚಿತ್ರ ತೆಗೆಯುವವರು ಚಾಪ್ಲಿನ್‌ನಿಂದ ಜೋಲಿ, ಕೆಟಲು, ಇಟ್ಟಿಗೆ, ಮಾಡಿನ ಮೇಲಿನ ಓಟ ಎಲ್ಲವನ್ನೂ ಕಡ ತರಲಿ. ಕೊನೆಯ ಬಾಗಿಲೊಂದನ್ನು ಮಾತ್ರ ತರುವುದು ಬೇಡ.